ಇಲ್ಲದ ಸಂದರ್ಶನಕ್ಕೆ ಹೋಗುವವರು

ನೌಕರಿಯ ಸಂದರ್ಶನ ಕೆಟ್ಟಿತೆಂದರೆ ಸಾಮಾನ್ಯವಾಗಿ ನಮಗೆ ಹೊಳೆಯುವುದು ಗಂಟಲೊಣಗುವುದು, ಇಂಗ್ಲಿಷು ತಡವರಿಸುವುದು, ಅವರು ಕೇಳಿದ್ದೊಂದು ನಾವು ಹೇಳಿದ್ದೊಂದು ಆಗುವುದು. ಇವೆಲ್ಲ ಮುಂದಿನ ಸಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ಇದಕ್ಕಿಂತ ಕೆಟ್ಟ ಬಗೆ ಇನ್ನೊಂದಿದೆ. ಅಲ್ಲಿ ಸಂದರ್ಶನ ಸೊಗಸಾಗಿಯೇ ನಡೆಯುತ್ತದೆ, ಸಾಹೇಬರು ಕೈಕುಲುಕುತ್ತಾರೆ. ನೌಕರಿ ಮಾತ್ರ ಇರುವುದಿಲ್ಲ.

2022ನೆಯ ಇಸವಿಯ ಜೂನ್–ಜುಲೈಯಲ್ಲಿ ತಮಿಳುನಾಡಿನಿಂದ ಬಂದ 28 ಮಂದಿ ನಮ್ಮ ನ್ಯೂ ಡೆಲ್ಲಿ ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮುಗಳಲ್ಲಿ ದಿನಕ್ಕೆ 8 ಗಂಟೆ ನಿಂತು, ಬರುವ ಹೋಗುವ ಗಾಡಿಗಳನ್ನೂ ಅವುಗಳ ಬೋಗಿಗಳನ್ನೂ ಎಣಿಸುತ್ತಿದ್ದರು. ಹೀಗೆ ಸುಮಾರು ಒಂದು ತಿಂಗಳು! ಟಿಕೆಟ್ ಪರೀಕ್ಷಕ, ಗುಮಾಸ್ತೆ ಮೊದಲಾದ ಹುದ್ದೆಗಳಿಗೆ ಇದೇ ತರಬೇತಿಯೆಂದು ಅವರನ್ನು ನಂಬಿಸಲಾಗಿತ್ತು. ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆಯೂ ಕಾಗದಪತ್ರಗಳ ಪರಿಶೀಲನೆಯೂ ಕ್ರಮವಾಗಿ ಆಗಿದ್ದವು. ಒಬ್ಬೊಬ್ಬರು ಕೊಟ್ಟದ್ದು 2 ಲಕ್ಷದಿಂದ 24 ಲಕ್ಷ ರೂಪಾಯಿ, ಒಟ್ಟು 2.67 ಕೋಟಿ. ಕೊನೆಗೆ ಕೈಗೆ ಬಂದ ಆದೇಶಪತ್ರಗಳು ಖೊಟ್ಟಿ. ಅವರನ್ನು ದೆಹಲಿಗೆ ಕರೆತಂದವರು ಒಬ್ಬ ವೃದ್ಧ ಮಾಜಿ ಸೈನಿಕರು. ಊರ ಹುಡುಗರಿಗೆ ಒಳ್ಳೆಯದಾಗಲೆಂದು ನಂಬಿ ಬಂದವರು. ಪೊಲೀಸರಿಗೆ ದೂರು ಕೊಟ್ಟವರೂ ಅವರೇ. ಕರೆದುಕೊಂಡು ಹೋದವರು ಸಜ್ಜನರೆಂಬ ಮಾತ್ರಕ್ಕೆ ಕೆಲಸ ನಿಜವಾಗದು ಎಂಬುದನ್ನು ಇಲ್ಲಿ ಗಮನಿಸಬೇಕು.

ಇಂಥ ನಾಟಕಗಳಲ್ಲಿ ಸಂದರ್ಶನವೂ ಒಂದು ಅಂಕ. ಮೇಜಿನ ಆಚೆ ಮೂವರು, ಈಚೆ ಒಬ್ಬ ಉಮೇದುವಾರ; ಒಂದೆರಡು ಪ್ರಶ್ನೆಗಳು, ಒಂದು ಫೈಲು. ಇಷ್ಟಾದರೆ ನಮ್ಮವರಿಗೆ ನಂಬಿಕೆ ಬಂದುಬಿಡುತ್ತದೆ. ನಿಜಾಂಶವೋ ಇದಕ್ಕೆ ವಿರುದ್ಧವಾಗಿದೆ. ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವೇಕೆಂದು ಪ್ರಧಾನಿಗಳು 2015ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಕೇಳಿದರು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಸಿ’ ವರ್ಗದ ಹುದ್ದೆಗಳಿಗೂ ಪತ್ರಾಂಕಿತವಲ್ಲದ ‘ಬಿ’ ವರ್ಗದ ಹುದ್ದೆಗಳಿಗೂ ಸಂದರ್ಶನ ರದ್ದಾಯಿತು. ಶಿಫಾರಸು, ಲಂಚಗಳಿಗೆ ಆ ಕೋಣೆಯೇ ಬಾಗಿಲಾಗಿತ್ತೆಂಬುದು ಕಾರಣ. ರೈಲ್ವೆ ಗುಮಾಸ್ತೆ, ಸಚಿವಾಲಯದ ಕೆಳದರ್ಜೆ ಗುಮಾಸ್ತೆ, ಜವಾನ – ಎಲ್ಲರೂ ಈ ನಿಯಮಕ್ಕೆ ಒಳಪಟ್ಟವರೇ. ಷಹಜಹಾನ್ ರಸ್ತೆಯ ಧೋಲ್ಪುರ್ ಹೌಸಿನಲ್ಲಿ ಐ.ಎ.ಎಸ್. ಮುಂತಾದವಕ್ಕೆ ಸಂದರ್ಶನ ಈಗಲೂ ಉಂಟು, ಒಟ್ಟು 2025 ಅಂಕಗಳಲ್ಲಿ ಅದಕ್ಕೆ 275. ಅದು ಬೇರೆ ಮಾತು.

ಆದುದರಿಂದ ‘ರೈಲ್ವೆಯ ಗುಮಾಸ್ತೆ ಕೆಲಸಕ್ಕೆ ನಾಳೆ ಇಂಟರ್‌ವ್ಯೂ, ಬನ್ನಿ’ ಎಂದು ಯಾರಾದರೂ ಕರೆದರೆ, ಆ ಕರೆಯೇ ಮೋಸಕ್ಕೆ ಸಾಕ್ಷಿ. ಮುಂದೆ ವಿಚಾರಿಸಬೇಕಾದ್ದೇ ಇಲ್ಲ.

ನಿಜವಾದ ದಾರಿ ಹೀಗಿದೆ. ಮೊದಲು ಬಹಿರಂಗ ಪ್ರಕಟಣೆ, ಅನಂತರ ಕಂಪ್ಯೂಟರಿನ ಮೇಲೆ ಪರೀಕ್ಷೆ, ಬೇಕಾದ ಹುದ್ದೆಗಳಿಗೆ ಬೆರಳಚ್ಚು ಪರೀಕ್ಷೆ, ದಾಖಲೆ ಪರಿಶೀಲನೆ, ವೈದ್ಯ ತಪಾಸಣೆ. ರೈಲ್ವೆಯ ನೇಮಕಾತಿ ಮಂಡಳಿಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2024ರ ಪ್ರಕಟಣೆಯಂತೆ ಸಾಮಾನ್ಯ ವರ್ಗದವರ ಶುಲ್ಕ 500 ರೂಪಾಯಿ. ಮೊದಲ ಪರೀಕ್ಷೆಗೆ ಹಾಜರಾದವರಿಗೆ ಬ್ಯಾಂಕಿನ ಖರ್ಚು ಕಳೆದು 400 ಹಿಂದಕ್ಕೆ. ಕೊಟ್ಟ ಶುಲ್ಕವನ್ನೇ ಹಿಂತಿರುಗಿಸುವ ಇಲಾಖೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವನು ಯಾರಿರಬೇಕು?

ನೋಯ್ಡಾ, ಗುರುಗ್ರಾಮಗಳ ಖಾಸಗಿ ಕಂಪನಿಗಳಲ್ಲಿ ಸಂದರ್ಶನ ಉಂಟು, ಅದು ಸಹಜವೇ. ಅಲ್ಲಿ ನೋಡಬೇಕಾದದ್ದು ಹಣ ಯಾವ ಕಡೆಗೆ ಹರಿಯುತ್ತದೆಂಬುದನ್ನು. ಫೈಲ್ ಚಾರ್ಜು, ಸಮವಸ್ತ್ರದ ಬಾಬ್ತು, ‘ಸಂಬಳದಲ್ಲಿ ವಾಪಸು ಬರುವ’ ಡಿಪಾಸಿಟ್ಟು ಎಂದು ಮೊದಲ ದಿನವೇ ಕೈಚಾಚಿದರೆ ಎದ್ದು ಬರುವುದು ಲೇಸು. ಅಸಲು ಮಾರ್ಕ್ಸ್ ಕಾರ್ಡನ್ನು ಅಲ್ಲಿ ಬಿಟ್ಟು ಬರಲೇಕೂಡದು. ತೋರಿಸಿ, ನಕಲು ಕೊಟ್ಟರೆ ಸಾಕು.

ಮೋಸ ಹೋದವರು ಬಾಯಿಬಿಡದಿರುವುದೇ ಈ ದಂಧೆಯ ಬಂಡವಾಳ. ಊರಲ್ಲಿ ಹೊಲ ಅಡವಿಟ್ಟ ವಿಷಯ ಅಪ್ಪನಿಗೆ ಮಾತ್ರ ಗೊತ್ತು. ನೌಕರಿ ಸಿಕ್ಕಿತೆಂದು ನೆಂಟರಿಗೆಲ್ಲ ಹೇಳಿಯಾಗಿದೆ. ಇನ್ನು ಯಾವ ಮುಖದಿಂದ ಪೊಲೀಸರ ಬಳಿ ಹೋಗುವುದು? ಹಣ ಕೊಟ್ಟದ್ದು ಹುಬ್ಬಳ್ಳಿಯಲ್ಲಿ, ಮೋಸವಾದದ್ದು ದೆಹಲಿಯಲ್ಲಿ ಎಂಬ ಗೊಂದಲ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಹಣವನ್ನು ಫೋನಿನ ಮೂಲಕ ಕಳುಹಿಸಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ರಸೀತಿ, ಸಂದೇಶ, ಖೊಟ್ಟಿ ಆದೇಶಪತ್ರ – ಯಾವುದನ್ನೂ ಸಿಟ್ಟಿನಲ್ಲಿ ಹರಿದುಹಾಕಬೇಡಿ.