“ನಮಗೇನು ತುಟ್ಟಿ ಆಗಿಲ್ಲೇನ್ರಿ?”

ವರ್ಷಕ್ಕೆರಡು ಬಾರಿ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಕಳೆ ಬರುತ್ತದೆ. ತುಟ್ಟಿಭತ್ಯೆ ಏರಿದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದು. ಶೇಕಡಾ ಎಷ್ಟು, ಯಾವ ತಿಂಗಳಿಂದ, ಹಿಂಬಾಕಿ ಯಾವಾಗ ಕೈಗೆ ಸಿಗುತ್ತದೆ ಎಂದು ಗಣಿತದ ಮೇಷ್ಟ್ರಿಂದ ಹಿಡಿದು ಡ್ರಿಲ್ ಮೇಷ್ಟ್ರವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ವಿಜ್ಞಾನ ಪಾಠ ಮಾಡುವ ನಾನೂ ಅದಕ್ಕೆ ಹೊರತಲ್ಲ.

ಇಂಥದೇ ಒಂದು ಸುದ್ದಿ ಬಂದಾಗ ನಾನು ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದೆ. ಬೆಳಿಗ್ಗೆ ಜಗುಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತ ಸುದ್ದಿಯನ್ನು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದೆ. ಅಂಗಳದಲ್ಲಿ ಬಾಂಡ್ಲಿಗೆ ಮರಳು ತುಂಬುತ್ತಿದ್ದ ರಾಯಚೂರು ಕಡೆಯ ಹೆಂಗಸೊಬ್ಬಳು ತಲೆಯೆತ್ತಿ, “ತುಟ್ಟಿಭತ್ಯೆ ಅಂದ್ರ ಏನ್ರಿ ಸರ?” ಎಂದು ಕೇಳಿದಳು.

“ಸಾಮಾನಿನ ಬೆಲೆ ಏರಿದಾಗ ಸಂಬಳದ ಜೊತೆ ಅಷ್ಟು ಸೇರಿಸಿ ಕೊಡ್ತಾರಮ್ಮ” ಎಂದೆ.

ಆಕೆ ಬಾಂಡ್ಲಿಯನ್ನು ಎತ್ತಿ ಸಿಂಬೆಯ ಮೇಲಿಟ್ಟುಕೊಂಡಳು. “ಹೌದೇನ್ರಿ? ನಮಗೇನು ತುಟ್ಟಿ ಆಗಿಲ್ಲೇನ್ರಿ?” ಎಂದವಳೇ ಮೆಟ್ಟಿಲು ಹತ್ತಿ ಹೋದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿದ್ದಳು, ಅಷ್ಟೆ. ಉತ್ತರ ನನಗೂ ಗೊತ್ತಿರಲಿಲ್ಲ. ತುಟ್ಟಿಭತ್ಯೆ ಎಂದರೆ ತಿಂಗಳ ಸಂಬಳದವರಿಗೆ ಮಾತ್ರ ಎಂದೇ ಐವತ್ತು ದಾಟುವವರೆಗೂ ನಂಬಿಕೊಂಡಿದ್ದವನು ನಾನು. ಆ ವಾರವೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿದೆ. ತುಟ್ಟಿಭತ್ಯೆ ಆಕೆಗೂ ಉಂಟು!

ಕೂಲಿಯ ಎರಡು ಭಾಗಗಳು

ಕನಿಷ್ಠ ವೇತನ ಕಾಯಿದೆ ಬಂದದ್ದು 1948ರಲ್ಲಿ. ರಸ್ತೆ ಮತ್ತು ಕಟ್ಟಡದ ಕೆಲಸ ಅದರ ಅನುಸೂಚಿಯಲ್ಲಿ ಮೊದಲಿನಿಂದಲೂ ಇತ್ತು. ಸರ್ಕಾರ ಕೂಲಿಯ ಮೂಲದರವನ್ನು ನಿಗದಿ ಮಾಡಿ ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು. ಆದರೆ ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಐದು ವರ್ಷ ಕಾಯುವುದಿಲ್ಲವಲ್ಲ! ಅದಕ್ಕಾಗಿಯೇ ಮೂಲದರದ ಜೊತೆಗೆ ಜೀವನ ವೆಚ್ಚದ ಭತ್ಯೆಯನ್ನೂ ಸೇರಿಸಲು ಕಾಯಿದೆಯಲ್ಲಿ ಅವಕಾಶ ಮಾಡಿದ್ದರು. ಇದನ್ನೇ ವ್ಯತ್ಯಾಸವಾಗುವ ತುಟ್ಟಿಭತ್ಯೆ ಎನ್ನುತ್ತಾರೆ. ಮೂಲದರವೂ ಭತ್ಯೆಯೂ ಕೂಡಿದರೆ ಮಾತ್ರ ಅದು ಕನಿಷ್ಠ ಕೂಲಿ.

ಈ ಭತ್ಯೆ ಚಿಲ್ಲರೆ ಮೊತ್ತವೇನಲ್ಲ. ಕೇಂದ್ರ ಸರ್ಕಾರದ ವ್ಯಾಪ್ತಿಯ ಕಾಮಗಾರಿಗಳ ಲೆಕ್ಕ ನೋಡಿ. 2017ರಲ್ಲಿ ಬೆಂಗಳೂರಿನಂಥ ‘ಎ’ ಪ್ರದೇಶದಲ್ಲಿ ಕಟ್ಟಡ ಕೆಲಸದ ಅಕುಶಲ ಕಾರ್ಮಿಕರಿಗೆ ನಿಗದಿಯಾದ ಮೂಲದರ ದಿನಕ್ಕೆ 523 ರೂಪಾಯಿ. 2024ರ ಅಕ್ಟೋಬರ್ 1ರಂದು ಜಾರಿಗೆ ಬಂದ ಒಟ್ಟು ದರ 783 ರೂಪಾಯಿ. ನಡುವಿನ 260 ರೂಪಾಯಿ ಪೂರಾ ತುಟ್ಟಿಭತ್ಯೆ. ಅಂದರೆ ಕೂಲಿಯಲ್ಲಿ ಮೂರನೆಯ ಒಂದು ಭಾಗ! ಮೂಲದರವಷ್ಟನ್ನೇ ಕೊಟ್ಟು ಕೈತೊಳೆದುಕೊಂಡರೆ ಮೂರು ದಿನ ದುಡಿದವರಿಗೆ ಎರಡು ದಿನದ ಕೂಲಿ ಕೊಟ್ಟ ಹಾಗೆ. ರಾಜ್ಯದ ವ್ಯಾಪ್ತಿಯ ಕೆಲಸಗಳಿಗೆ, ಅಂದರೆ ನನ್ನ ಮನೆಯಂಥ ಕಟ್ಟಡಗಳಿಗೆ, ರಾಜ್ಯ ಸರ್ಕಾರದ ದರಪಟ್ಟಿ ಬೇರೆ ಇದೆ. ಅಂಕಿಗಳು ಬೇರೆಯಾದರೂ ತತ್ವ ಒಂದೇ.

ಸೂಚ್ಯಂಕ ಎಂಬ ಥರ್ಮಾಮೀಟರು

ಭತ್ಯೆ ಎಷ್ಟು ಏರಬೇಕೆಂದು ಯಾರೂ ಮನಸ್ಸಿಗೆ ಬಂದಂತೆ ಹೇಳುವುದಿಲ್ಲ. ಜ್ವರಕ್ಕೆ ಥರ್ಮಾಮೀಟರಿನಂತೆ ಬೆಲೆಗೆ ಗ್ರಾಹಕ ಬೆಲೆ ಸೂಚ್ಯಂಕ. ಕೇಂದ್ರದ ಕಾರ್ಮಿಕ ಬ್ಯೂರೊ ದೇಶದ 88 ಕೇಂದ್ರಗಳಲ್ಲಿ ಬೆಲೆಗಳನ್ನು ಸಂಗ್ರಹಿಸಿ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತ ಬಂದಿದೆ. 2016ರ ಬೆಲೆಗಳನ್ನು 100 ಎಂದು ಹಿಡಿದ ಈ ಶ್ರೇಣಿಯಲ್ಲಿ ಆಹಾರ ಪಾನೀಯಗಳ ಪಾಲು ಶೇಕಡಾ 39ರಷ್ಟು. ಕೇಂದ್ರದ ಭತ್ಯೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಕರ್ನಾಟಕದ್ದು ಏಪ್ರಿಲ್ 1ರಿಂದ ವರ್ಷಕ್ಕೊಮ್ಮೆ ಬದಲಾಗುವುದು ಪದ್ಧತಿ.

ನಮ್ಮ ರಾಜ್ಯದ ಅಧಿಸೂಚನೆಗಳಲ್ಲಿ ಸೂಚ್ಯಂಕದ ಅಂಕಿ ಸಾವಿರಗಳಲ್ಲಿರುವುದನ್ನು ಕಂಡು ಮೊದಲಿಗೆ ನನಗೂ ಗಲಿಬಿಲಿಯಾಯಿತು. ಅದು 1960ನ್ನು 100 ಎಂದು ಹಿಡಿದ ಹಳೆಯ ಶ್ರೇಣಿಯ ಲೆಕ್ಕ. ಹೊಸ ಶ್ರೇಣಿಯಿಂದ ಹಳೆಯದಕ್ಕೆ ಹೋಗಲು ಜೋಡಣಾಂಕಗಳಿವೆ. 2016ರಿಂದ 2001ಕ್ಕೆ 2.88, ಅಲ್ಲಿಂದ 1982ಕ್ಕೆ 4.63, ಅಲ್ಲಿಂದ 1960ಕ್ಕೆ 4.93. ಇವು ಅಖಿಲ ಭಾರತ ಮಟ್ಟದವು. ಮೂರನ್ನೂ ಗುಣಿಸಿದರೆ ಹತ್ತಿರ ಹತ್ತಿರ 66. ಅಂದರೆ ಹೊಸ ಶ್ರೇಣಿಯಲ್ಲಿ ಒಂದು ಅಂಶ ಏರಿದರೆ ಹಳೆಯದರಲ್ಲಿ 66 ಅಂಶ ಏರಿದಂತೆ. ಹಳೆಯ ಶ್ರೇಣಿಯ ಪ್ರತಿ ಅಂಶಕ್ಕೆ ದಿನಕ್ಕೆ 4 ಪೈಸೆ ಭತ್ಯೆ ಎಂದು ಹಿಡಿದರೆ 66 ಅಂಶಕ್ಕೆ 2 ರೂಪಾಯಿ 64 ಪೈಸೆ. ನಾಲ್ಕು ಪೈಸೆ ಎಂದು ನಗುವ ಹಾಗಿಲ್ಲ!

ಹೊರೆಯೂ ಹೊಟ್ಟೆಯೂ

ಕನಿಷ್ಠ ಕೂಲಿಯ ಹಿಂದೆ ಒಂದಿಷ್ಟು ಆಹಾರ ವಿಜ್ಞಾನವೂ ಇದೆ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಕೊಟ್ಟಿತು. ಒಬ್ಬ ದುಡಿಯುವವನ ಮೇಲೆ ಮೂರು ಬಳಕೆ ಘಟಕಗಳು. ಡಾ. ಅಕ್ರಾಯ್ಡ್ ಅವರ ಲೆಕ್ಕದಂತೆ ಘಟಕವೊಂದಕ್ಕೆ ದಿನಕ್ಕೆ 2700 ಕ್ಯಾಲೊರಿ ಆಹಾರ. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ ಮುಂತಾದ ಖರ್ಚಿಗೆ ಕೂಲಿಯ ಶೇಕಡಾ 20. ಮಕ್ಕಳ ವಿದ್ಯೆ, ಔಷಧ, ಹಬ್ಬಹರಿದಿನ, ಮುಪ್ಪು, ಮದುವೆಗಳಿಗೆ ಇನ್ನೂ ಶೇಕಡಾ 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆ 2700 ಕ್ಯಾಲೊರಿ ಮಧ್ಯಮ ಶ್ರಮದವರ ಲೆಕ್ಕ. ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆದರೆ ಗುರುತ್ವಾಕರ್ಷಣೆಗೆ ವಿರುದ್ಧವಾಗಿ ನಡೆದ ಕೆಲಸ ಸೊನ್ನೆ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುವವನು ನಾನು. ಭೌತಶಾಸ್ತ್ರದ ಮಟ್ಟಿಗೆ ಅದು ಸರಿ. ದೇಹದ ಲೆಕ್ಕವೇ ಬೇರೆ. ಹೊರೆ ತಲೆಯ ಮೇಲಿರುವಷ್ಟು ಹೊತ್ತೂ ಕತ್ತಿನ, ಬೆನ್ನಿನ ಸ್ನಾಯುಗಳು ಬಿಗಿದುಕೊಂಡೇ ಇರುತ್ತವೆ, ತಿಂದ ಅನ್ನ ಕರಗುತ್ತಲೇ ಇರುತ್ತದೆ. ದಿನಕ್ಕೆ ನೂರಾರು ಸಲ ಮೆಟ್ಟಿಲು ಹತ್ತಿಳಿಯುವವರ ಊಟದ ಖರ್ಚು ಕುರ್ಚಿಯಲ್ಲಿ ಕುಳಿತವರದಕ್ಕಿಂತ ಹೆಚ್ಚು. ಬೇಳೆಯ ಬೆಲೆ ಏರಿದರೆ ಮೊದಲು ಪೆಟ್ಟು ಬೀಳುವುದು ಅವರಿಗೇ.

ಒಂದು ರೂಪಾಯಿಯ ಮೊಕದ್ದಮೆ

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟುತ್ತಿದ್ದರು. ಕೂಲಿಗಳಿಗೆ ಸಲ್ಲಬೇಕಾದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರರು ಅದರಲ್ಲಿ ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಬಂದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ತೀರ್ಪು ಬಂತು. ಹಸಿವೂ ಬಡತನವೂ ಬಲವಂತವೇ ಎಂಬುದು ನ್ಯಾಯಾಲಯದ ತರ್ಕ. ಗುತ್ತಿಗೆದಾರನತ್ತ ಬೊಟ್ಟು ಮಾಡಿ ಕೆಲಸ ಮಾಡಿಸಿಕೊಂಡವರು ನುಣುಚಿಕೊಳ್ಳುವಂತಿಲ್ಲ ಎಂದೂ ಅದು ಹೇಳಿತು.

ಈ ಕೊನೆಯ ಮಾತು ನನಗೇ ಹೇಳಿದಂತಿತ್ತು. ನೇರವಾಗಿಯಾಗಲಿ, ಇನ್ನೊಬ್ಬರ ಮೂಲಕವಾಗಲಿ ಕೆಲಸಕ್ಕೆ ಹಚ್ಚಿದವನೇ ಮಾಲೀಕ ಎನ್ನುತ್ತದೆ ಕಾನೂನು.

ನನ್ನ ಮನೆಯ ಬಾಕಿ

ಕಚೇರಿಯಿಂದ ತಂದ ದರಪಟ್ಟಿಯನ್ನು ನನ್ನ ಬಟವಾಡೆಯ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಗಾರೆ ಕೆಲಸದವರ ಕೂಲಿ ಪಟ್ಟಿಗಿಂತ ಮೇಲೇ ಇತ್ತು. ಹೆಣ್ಣಾಳುಗಳ ಕೂಲಿ ಕೆಳಗಿತ್ತು. ದಿನಕ್ಕೆ ನೂರು ರೂಪಾಯಿಗೂ ಹೆಚ್ಚು ಕಡಿಮೆ! ಅದೇ ಮರಳು ಹೊರುವ ಗಂಡಾಳಿಗೆ ಕೊಡುತ್ತಿದ್ದುದು ಬೇರೆ ದರ. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದಿದ್ದರೂ!

ಮೇಸ್ತ್ರಿಯನ್ನು ಕೇಳಿದೆ. “ಸರ್ಕಲ್ಲಲ್ಲಿ ನಡೆಯೋ ರೇಟೇ ಇದು ಸಾರ್. ನೀವು ಜಾಸ್ತಿ ಕೊಟ್ರೆ ನಾಳೆ ಬೇರೆ ಮನೆಯೋರು ನನ್ನ ಬೈತಾರೆ” ಎಂದ. ಅವನ ಮಾತು ಸುಳ್ಳಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ಸರ್ಕಲ್ಲಿನಲ್ಲಿ ನಿಂತವರು ಸೂಚ್ಯಂಕ ಹೇಳಿ ಚೌಕಾಸಿ ಮಾಡಬಲ್ಲರೆ? ಎಂಟಾದರೂ ಯಾರೂ ಕರೆಯದಿದ್ದರೆ ಆ ದಿನ ಒಲೆ ಹೊತ್ತುವುದೇ ಅನುಮಾನ.

ಮುಂದಿನ ಶನಿವಾರದ ಬಟವಾಡೆಯಲ್ಲಿ ಬಾಕಿಯನ್ನೂ ಸೇರಿಸಿ ಕೊಟ್ಟೆ. ರಾಯಚೂರಿನ ಆ ಹೆಂಗಸು ಎರಡೆರಡು ಸಲ ಎಣಿಸಿ, “ಹೆಚ್ಚಿಗಿ ಬಂದಾವ್ರಿ ಸರ” ಎಂದು ನೋಟುಗಳನ್ನು ಹಿಂದಕ್ಕೆ ಚಾಚಿದಳು. “ಹೆಚ್ಚಿಗೆ ಅಲ್ಲಮ್ಮ, ಅದು ನಿಮ್ಮ ತುಟ್ಟಿಭತ್ಯೆ” ಎಂದೆ. ನನ್ನ ಉದಾರತನದ ಕಥೆಯೇನಲ್ಲ ಇದು. ತಳಪಾಯದ ಹೊತ್ತಿಗೆ ದುಡಿದು ಹೋದ ಇನ್ನಿಬ್ಬರು ಹೆಂಗಸರು ಈಗ ಎಲ್ಲಿದ್ದಾರೋ ಮೇಸ್ತ್ರಿಗೂ ಗೊತ್ತಿಲ್ಲ. ಅವರ ಬಾಕಿ ನನ್ನ ಪುಸ್ತಕದಲ್ಲಿ ಹಾಗೇ ಉಳಿದಿದೆ.

ಕಾನೂನು ಇದ್ದೂ ಕೂಲಿ ಕೈತಪ್ಪುವುದು ಹೀಗೇ. ಇಂದು ಇಲ್ಲಿ, ನಾಳೆ ಇನ್ನೊಂದು ಊರಿನಲ್ಲಿ ಇರುವವರು ದೂರು ಕೊಡುವುದೆಂದು? ಹಳೆಯ ಕಾಯಿದೆಯಲ್ಲಿ ಬಾಕಿ ಕೂಲಿ ಕೇಳಲು ಆರು ತಿಂಗಳ ಗಡುವಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಅದನ್ನು ಮೂರು ವರ್ಷಕ್ಕೆ ಏರಿಸಿದೆ. ಸಂಹಿತೆಗೆ ವಿರುದ್ಧವಲ್ಲದ ಹಳೆಯ ಅಧಿಸೂಚನೆಗಳನ್ನೂ ಉಳಿಸಿಕೊಂಡಿದೆ. ಇದು ಒಳ್ಳೆಯದೇ. ಆದರೆ ತನಗೆ ಎಷ್ಟು ಬರಬೇಕಿತ್ತೆಂದು ತಿಳಿಯದವರಿಗೆ ಮೂರು ವರ್ಷದ ಗಡುವಿದ್ದರೂ ಏನು ಬಂತು?

ಆದ್ದರಿಂದ ಮನೆ ಕಟ್ಟಿಸುವ ಓದುಗರಲ್ಲಿ ನನ್ನದೊಂದು ವಿನಂತಿ. ಸಿಮೆಂಟು, ಕಬ್ಬಿಣದ ದರ ವಿಚಾರಿಸುವಾಗಲೇ ಆ ವರ್ಷದ ಕನಿಷ್ಠ ಕೂಲಿಯ ಪಟ್ಟಿಯನ್ನೂ ತರಿಸಿಕೊಳ್ಳಿ. ಮೇಸ್ತ್ರಿಯೊಡನೆ ಮಾತಾಡುವಾಗ ಆಳಿನ ದರವನ್ನು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಬರೆದುಕೊಳ್ಳಿ. ಯಾರು ಎಷ್ಟು ದಿನ ದುಡಿದರೆಂದು ಗುರುತು ಹಾಕಿಟ್ಟುಕೊಳ್ಳಿ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವಾಗ ಆ ಗುರುತು ಅವರಿಗೆ ನೆರವಾದೀತು.

ಸಿಮೆಂಟಿನ ಬೆಲೆ ಏರಿದಾಗ ಅಂಗಡಿಯವನಿಗೆ ನಾವು ಮರುಮಾತಿಲ್ಲದೆ ಹೆಚ್ಚು ಕೊಡುತ್ತೇವೆ. ಆ ಸಿಮೆಂಟನ್ನು ಹೊರುವವರ ಮನೆಯಲ್ಲೂ ಬೇಳೆ ಬೇಯಬೇಕಲ್ಲವೆ?