ಬೆಳ್ಳಿ ಅದೇ, ರೇಟು ಎರಡು

ಕೊಟ್ಟೂರಿನ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. "ಸರ್, ಮೆಕ್ಕೆಜೋಳ ಮಾರಿದ ರೊಕ್ಕ ಐತಿ. ಬೆಳ್ಳಿ ಇಟಿಎಫ್‌ಗೆ ಹಾಕು ಅಂತಾನ ಮಗ. ಹಾಕ್ಲೋ ಬ್ಯಾಡೋ?"

ಯಜಮಾನ್ರೇ, ಹಾಕಿ ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಆದರೆ ಹಾಕೋ ಮುಂಚೆ ಒಂದು ವಿಷಯ ಗೊತ್ತಿರಲೇಬೇಕು.

ಇಟಿಎಫ್ ಅಂದ್ರೆ ಷೇರನ್ನೋ, ಚಿನ್ನವನ್ನೋ, ಬೆಳ್ಳಿಯನ್ನೋ ಕೊಂಡು ಒಂದು ಬುಟ್ಟಿಗೆ ತುಂಬಿ, ಅದನ್ನು ಸಣ್ಣ ಸಣ್ಣ ಯೂನಿಟ್ ಮಾಡಿ ಷೇರುಪೇಟೆಯಲ್ಲಿ ಮಾರೋದು. ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 2001ರ ಡಿಸೆಂಬರ್‌ನಲ್ಲಿ, ನಿಫ್ಟಿ ಬೀಸ್‌ನಿಂದ. ಡಿಮ್ಯಾಟ್ ಖಾತೆ ಇದ್ದರೆ ಸಾಕು. ಇಲ್ಲಿವರೆಗೆ ಸರಳ.

ಸಿಕ್ಕು ಇರೋದು ಮುಂದೆ. ಇಟಿಎಫ್‌ಗೆ ರೇಟು ಎರಡು. ಒಂದು, ಬುಟ್ಟಿಯೊಳಗಿನ ಮಾಲಿನ ನಿಜವಾದ ಬೆಲೆ. ಇನ್ನೊಂದು, ಆ ಕ್ಷಣಕ್ಕೆ ಪೇಟೆಯಲ್ಲಿ ಜನ ಕೊಡೋ ಬೆಲೆ. ಹಡಗಲಿ ಮಲ್ಲಿಗೆಯನ್ನೇ ನೋಡಿ. ಹಬ್ಬದ ಹಿಂದಿನ ದಿನ ಹೂವು ಅದೇ, ಘಮವೂ ಅದೇ, ರೇಟು ಮಾತ್ರ ಏರಿರುತ್ತೆ.

2025ರ ಅಕ್ಟೋಬರ್‌ನಲ್ಲಿ, ದೀಪಾವಳಿ ಹೊತ್ತಿಗೆ ಆಗಿದ್ದೂ ಇದೇ. ಬೆಳ್ಳಿಗೆ ಜನ ಮುಗಿಬಿದ್ದರು. ಪೇಟೆಯಲ್ಲಿ ಬೆಳ್ಳಿಯೇ ಸಾಲದೆ, ಬೇಡಿಕೆಗೆ ತಕ್ಕಷ್ಟು ಹೊಸ ಯೂನಿಟ್ ಬರಲಿಲ್ಲ. ಹಾಗಾಗಿ ಬೆಳ್ಳಿ ಇಟಿಎಫ್‌ಗಳು ನಿಜ ಬೆಲೆಗಿಂತ ಮೇಲೆ ಮಾರಾಟವಾದವು. ಇಂಥ ಇಟಿಎಫ್‌ಗಳಲ್ಲಿ ಹಣ ಹಾಕುವ ತಮ್ಮ ಫಂಡ್‌ಗಳಿಗೆ ಒಂದೇ ಗಂಟಿನ ಹಣ ತೆಗೆದುಕೊಳ್ಳೋದನ್ನು ಕೆಲವು ಮ್ಯೂಚುವಲ್ ಫಂಡ್ ಕಂಪನಿಗಳೇ ಸ್ವಲ್ಪ ದಿನ ನಿಲ್ಲಿಸಿದವು.

ಒಂದು ಲೆಕ್ಕ ಹಾಕೋಣ. ಯೂನಿಟ್‌ನ ನಿಜ ಬೆಲೆ 100 ರೂಪಾಯಿ. ನೀವು ನುಗ್ಗಾಟದಲ್ಲಿ 110ರಂತೆ 100 ಯೂನಿಟ್ ಕೊಂಡಿರಿ, 11,000 ಕೊಟ್ಟಿರಿ. ನುಗ್ಗಾಟ ಇಳಿಯಿತು, ಯೂನಿಟ್ 100ಕ್ಕೆ ಬಂತು. ಬೆಳ್ಳಿ ಒಂದು ಪೈಸೆ ಇಳಿದಿಲ್ಲ, ನಿಮ್ಮ ಸಾವಿರ ರೂಪಾಯಿ ಹೋಯ್ತು! ವಹಿವಾಟು ಕಡಿಮೆ ಇರೋ ಇಟಿಎಫ್ ಆದರೆ ಉಲ್ಟಾ ಕಥೆ. ಮಾರೋಕೆ ಹೋದಾಗ ಕೊಳ್ಳೋರಿಲ್ಲದೆ, ನಿಜ ಬೆಲೆಗಿಂತ ಕಡಿಮೆಗೆ ಕೊಡಬೇಕಾಗುತ್ತೆ.

ಹಾಗಾದ್ರೆ ಏನು ಮಾಡೋದು? ನಿಜ ಬೆಲೆಯ ಅಂದಾಜನ್ನು ಐ-ಎನ್‌ಎವಿ ಅಂತಾರೆ. ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಅದನ್ನೂ ಪೇಟೆ ರೇಟನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿನಕ್ಕೆ ಎಷ್ಟು ಯೂನಿಟ್ ಕೈಬದಲಾಗ್ತವೆ ನೋಡಿ. "ಇಷ್ಟಕ್ಕಿಂತ ಹೆಚ್ಚು ಕೊಡೋದಿಲ್ಲ" ಅಂತ ಲಿಮಿಟ್ ಆರ್ಡರ್ ಹಾಕಿ. ಇನ್ನೊಂದು ಮಾತು: ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಇಲ್ಲಿ ಅದು ಇಲ್ಲ. ಬಿತ್ತನೆ ಬೀಜದ ದುಡ್ಡು, ಮಗಳ ಮದುವೆ ದುಡ್ಡು ಇಲ್ಲಿಗೆ ತರಬೇಡಿ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ರೈತರೇ, ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ತೂಕದಲ್ಲಿ ಒಂದು ಕೆಜಿ ಕಡಿತ ಮಾಡಿದರೂ ಜಗಳಕ್ಕೆ ನಿಲ್ಲೋರು ನೀವು. ಅದೇ ಕಣ್ಣು ಮೊಬೈಲ್ ಮೇಲೂ ಇರಲಿ.