ಕಾರ್ಡಿನಿಂದ ತೆರೆಯುವ ಬಾಗಿಲು

ಬೀಗದ ಕೈಗೆ ಬದಲಾಗಿ ಕಾರ್ಡನ್ನು ತೋರಿಸಿ ಬಾಗಿಲು ತೆರೆಯುವ ಏರ್ಪಾಡು ಇಂದು ಅನೇಕ ಕಚೇರಿಗಳಲ್ಲಿರುವುದು. ಬಾಗಿಲುವಾಡದ ವಿದ್ಯುತ್ಕಾಂತವು ಕದದ ಉಕ್ಕಿನ ಫಲಕವನ್ನು ಹಿಡಿದಿರುವುದು. ಹೊರಗಿನ ರೀಡರು ಕಾರ್ಡಿನ ಸಂಖ್ಯೆಯನ್ನು ಓದಿ ನಿಯಂತ್ರಕಕ್ಕೆ ತಿಳಿಸುವುದು. ಆ ಸಂಖ್ಯೆ ಪಟ್ಟಿಯಲ್ಲಿದ್ದರೆ ನಿಯಂತ್ರಕವು ಕಾಂತದ 12 ವೋಲ್ಟಿನ ಪ್ರವಾಹವನ್ನು ಕೆಲವು ಸೆಕೆಂಡು ತಡೆಯುವುದು. ಹಿಡಿತ ತಪ್ಪಿ ಕದವು ತೆರೆಯುವುದು.

ತಂತಿಯನ್ನು ಕತ್ತರಿಸಿದರೂ ಬಾಗಿಲು ತೆರೆಯುವುದಾದ ಕಾರಣ ನಿಯಂತ್ರಕವನ್ನೂ ಕಾಂತದ ತಂತಿಗಳನ್ನೂ ಒಳಭಾಗದಲ್ಲಿಯೇ ಇರಿಸತಕ್ಕದ್ದು. ವಿದ್ಯುತ್ತು ನಿಂತಾಗಲೂ ಬಾಗಿಲು ಭದ್ರವಾಗಿರಲು ಬ್ಯಾಟರಿ ಬೇಕು. ಪ್ರವಾಹ ಕಡಿದಾಗ ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜು ರಿಲೇಯನ್ನು ಕೆಡಿಸದಂತೆ ಕಾಂತಕ್ಕೆ ಅಡ್ಡಲಾಗಿ ಡಯೋಡನ್ನು ಜೋಡಿಸುವರು.

ಆದರೆ ಬೆಂಕಿ ಬಿದ್ದಾಗ ಈ ಭದ್ರತೆಯೇ ಪ್ರಾಣಾಪಾಯವಾದೀತು. ಆದುದರಿಂದ ನಿಯಂತ್ರಕವು ಕೆಟ್ಟಿದ್ದರೂ ಕಾಂತದ ಪ್ರವಾಹವನ್ನು ನೇರವಾಗಿ ಕಡಿಯುವ ಗುಂಡಿಯೊಂದು ಒಳಗಡೆ, ಮಕ್ಕಳ ಕೈಗೂ ಎಟಕುವಂತೆ, ಇರಲೇಬೇಕು.